ಸಹಾಯ ಬೇಕು: ಅಪ್ಪನ ಕ್ಯಾನ್ವಾಸ್ ಚೀಲದ ಮೇಲೆ ಒಣಗಿದ ಬಣ್ಣ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಕುವೆಂಪುನಗರದವರು. ದಸರಾಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸಿದೆವು. ಆ ಗಡಿಬಿಡಿಯಲ್ಲಿ ಅಪ್ಪನ ಖಾಕಿ ಕ್ಯಾನ್ವಾಸ್ ಚೀಲ ಏಣಿಯ ಕೆಳಗೇ ಉಳಿದುಬಿಟ್ಟಿತ್ತು. ನಾನು ನೋಡಿದ್ದು ಹತ್ತು ದಿನಗಳ ನಂತರ. ಅಪ್ಪ ಈಗಿಲ್ಲ. ಆ ಚೀಲವನ್ನು ಹೆಗಲಿಗೇರಿಸಿಕೊಂಡೇ ಅವರು ದೇವರಾಜ ಮಾರುಕಟ್ಟೆಗೆ ಹೋಗುತ್ತಿದ್ದರು. ಅದನ್ನು ಎಸೆಯುವ ಮಾತೇ ಇಲ್ಲ.

ಕಲೆ ಎರಡು ಬಗೆಯದು: ಗೋಡೆಯ ಬಿಳಿ ಎಮಲ್ಷನ್, ಕಿಟಕಿ ಸರಳುಗಳ ಹಸಿರು ಎನಾಮಲ್. ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಚಮಚದ ಅಂಚಿನಿಂದ ಕೆರೆದಾಗ ಮೇಲಿನ ಪದರ ಚಕ್ಕೆಯಾಗಿ ಎದ್ದಿತು, ನೇಯ್ಗೆಯೊಳಗೆ ಇಳಿದದ್ದು ಅಲ್ಲಾಡಲಿಲ್ಲ. ಟರ್ಪಂಟೈನ್ ಹಚ್ಚಿದಾಗ ಹಸಿರು ಸ್ವಲ್ಪ ಮೆತ್ತಗಾಯಿತು, ಆದರೆ ಸುತ್ತಲೂ ಉಂಗುರದಂತೆ ಹರಡಿಕೊಂಡಿತು. ಬಿಳಿಗೆ ಏನೂ ಆಗಲಿಲ್ಲ. ಬಿಸಿನೀರು, ಇಸ್ತ್ರಿ ಇನ್ನೂ ಮುಟ್ಟಿಸಿಲ್ಲ.

ಎಮಲ್ಷನ್ ನೀರಿನಲ್ಲಿ ಕಲಸುವ ಬಣ್ಣವೇ ಆದರೂ ಒಣಗಿದ ಮೇಲೆ ನೀರಿಗೆ ಬಗ್ಗುವುದಿಲ್ಲ, ಐಸೊಪ್ರೊಪೈಲ್ ಆಲ್ಕೊಹಾಲ್ ಅದನ್ನು ಮೆದುಗೊಳಿಸುತ್ತದೆ ಎಂದು ತಿಳಿಯಿತು. ತಂದಿಟ್ಟಿದ್ದೇನೆ, ಕೈ ಮುಂದೆ ಹೋಗುತ್ತಿಲ್ಲ. ಚೀಲದ ಒಳಮೂಲೆಯಲ್ಲಿ ಒಂದು ಹನಿ ಹಾಕಿ ಒರೆಸಿದೆ. ಹತ್ತಿಗೆ ತುಸು ಖಾಕಿ ಬಣ್ಣ ಹತ್ತಿತು. ನನ್ನ ಗೊಂದಲ ಇಲ್ಲೇ.

ಖಾಕಿಯಂಥ ಬಣ್ಣದ ಕ್ಯಾನ್ವಾಸ್ ಬಟ್ಟೆಯ ಮೇಲೆ ಈ ಆಲ್ಕೊಹಾಲ್ ಬಳಸಿದವರು ದಯವಿಟ್ಟು ತಿಳಿಸಿ: ಅಷ್ಟು ಖಾಕಿ ಬಿಟ್ಟರೂ ಮುಂದುವರಿಯಬಹುದೇ, ಒಮ್ಮೆಗೆ ಎಷ್ಟು ಹೊತ್ತು ಬಿಡಬೇಕು? ಹಸಿರು ಉಂಗುರವನ್ನು ಇನ್ನಷ್ಟು ಹರಡದಂತೆ ತೆಗೆಯುವುದು ಹೇಗೆ?