ಕ್ಲಬ್ ಹಾಲ್‌ನಲ್ಲಿ ಬೇಸ್: ಒಂದೇ ಸಮ ಹಮ್, ಜೊತೆಗೆ ಎ ಸ್ವರ ಮಾತ್ರ ಗುಡುಗುತ್ತದೆ

ದಪ್ಪತಂತಿ:

ಬದಿಯಡ್ಕ ಕಡೆಯ ಒಂದು ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಒಂದೂವರೆ ಗಂಟೆಯ ರಾಕ್ ಕಾರ್ಯಕ್ರಮ ಉಂಟು. ಹಾಡು, ಗಿಟಾರ್, ಡ್ರಮ್ಸ್, ಬೇಸ್ (ತಗ್ಗು ಸ್ವರದ ಗಿಟಾರ್), ನಾಲ್ಕೇ ಜನ. ಅದೇ ಹಾಲ್‌ನಲ್ಲಿ ಟ್ರಯಲ್ ನೋಡಿದೆವು. ಬೇಸಿನದ್ದೇ ಮಂಡೆಬಿಸಿ.

ಬೇಸ್ ನಾಲ್ಕು ತಂತಿಯದ್ದು, ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಯಿಲ್), ಪ್ಯಾಸಿವ್ (ಒಳಗೆ ಬ್ಯಾಟರಿ ಇಲ್ಲದ್ದು). ಆಂಪ್ 40 ವಾಟಿನ ಕಾಂಬೊ, 10 ಇಂಚಿನ ಸ್ಪೀಕರ್, ಹಿಂದಿನ ಪ್ಲಗ್ ಪಾಯಿಂಟಿನಲ್ಲಿ ಉಂಟು. ಆಂಪಿನ ಹಿಂದಿರುವ ಮೂರು ಪಿನ್ನಿನ ಕನೆಕ್ಟರ್, ಅಂದರೆ ಎಕ್ಸ್‌ಎಲ್‌ಆರ್‌ನಿಂದ ಮಿಕ್ಸರಿಗೆ ಲೈನ್. ಮಿಕ್ಸರ್ ಹಾಲ್‌ನ ಇನ್ನೊಂದು ತುದಿಯಲ್ಲಿ. ಸೌಂಡ್‌ನವರು 18 ಇಂಚಿನ ಎರಡು ಸಬ್ (ತೀರಾ ತಗ್ಗು ಸ್ವರದ ಸ್ಪೀಕರ್) ತಂದು ಸ್ಟೇಜಿನ ಎರಡೂ ಮೂಲೆಗೆ ಇಟ್ಟಿದ್ದಾರೆ.

ಲೈನ್ ಕೊಟ್ಟ ಕೂಡಲೇ ಗುಂಯ್ ಅಂತ ಹಮ್ ಶುರು. ಅದು ಒಂದು. ಇನ್ನೊಂದು, ಎ ತಂತಿ ಖಾಲಿ ಬಾರಿಸಿದರೆ ಇಡೀ ಹಾಲ್ ಗುಡುಗುತ್ತದೆ, ಆಚೀಚೆಯ ಸ್ವರಗಳು ಅದರ ಅರ್ಧವೂ ಕೇಳುವುದಿಲ್ಲ. ಇಷ್ಟೆಲ್ಲ ಆಗಿ ಸ್ಟೇಜಿನ ಮೇಲೆ ನಿಂತವರಿಗೆ ಬೇಸ್ ಸರಿಯಾಗಿ ಕೇಳುವುದೇ ಇಲ್ಲ. ಹಾಲ್ 36 ಅಡಿ ಉದ್ದ, 21 ಅಡಿ ಅಗಲ, ಹತ್ತೂವರೆ ಅಡಿ ಎತ್ತರ, ಆರ್‌ಸಿಸಿ. ಪಿಕಪ್ ಬದಲಿಸಬೇಕಾ? ದೊಡ್ಡ ಆಂಪ್ ಬಾಡಿಗೆಗೆ ತರಬೇಕಾ?

ಗಿಜಿಗಿಜಿ:

ಆಂಪಿನ ಪ್ಲಗ್ಗಿನಲ್ಲಿ ಅರ್ತ್ ವಯರ್ ಬಿಡಿಸಿ ನೋಡಿ. ಹಮ್ ಹೋಗ್ತದೆ.

ಹಳೇಸೋಲ್ಡರ್:

ಮಾರಾಯ್ರೇ, ಅದೊಂದು ಮಾತ್ರ ಬೇಡ. ಹಮ್ ಹೋಗುವುದು ನಿಜ, ಆದರೆ ಬೇಸಿನ ತಂತಿಗಳು ಬ್ರಿಡ್ಜಿನ ಮೂಲಕ ಜ್ಯಾಕಿಗೆ, ಜ್ಯಾಕಿನಿಂದ ಆಂಪಿನ ಬಾಡಿಗೆ ಸೇರಿಕೊಂಡಿರುತ್ತವೆ. ಅರ್ತ್ ಇಲ್ಲದ ಆಂಪಿನೊಳಗೆ ಫೇಸ್ ಎಲ್ಲಾದರೂ ಬಾಡಿಗೆ ತಾಗಿದರೆ ಫ್ಯೂಸ್ ಹೋಗುವುದಿಲ್ಲ, ತಂತಿಗಳಿಗೇ 230 ವೋಲ್ಟ್ ಬರುತ್ತದೆ. ಆ ಹೊತ್ತಿಗೆ ಮೈಕಿಗೆ ತುಟಿ ತಾಗಿದರೆ ಕರೆಂಟ್ ಕೈಯಿಂದ ಎದೆ ದಾಟಿ ಹೋಗುತ್ತದೆ. ಆಂಪಿನ ಅರ್ತ್ ಹಾಗೇ ಇರಲಿ. ಬಿಡಿಸಬೇಕಾದ್ದು ಸಿಗ್ನಲ್ ಲೈನಿನ ಶೀಲ್ಡ್, ಅಂದರೆ ಕೇಬಲಿನ ಹೊರಸುತ್ತಿನ ವಯರ್.

ಮೊದಲು ಹಮ್ ಎಲ್ಲಿಂದ ಅಂತ ಗೊತ್ತಾಗಬೇಕು. ಬೇಸಿನ ವಾಲ್ಯೂಮ್ ಪೂರ್ತಿ ಸೊನ್ನೆ ಮಾಡಿ. ಹಮ್ ನಿಂತರೆ ಅದು ಪಿಕಪ್ಪಿನದ್ದು. ಹಾಗೇ ಇದ್ದರೆ ಬೇಸಿನ ತಪ್ಪಲ್ಲ. ಆಮೇಲೆ ಮಿಕ್ಸರಿನಲ್ಲಿ ಚಾನೆಲ್ ಮ್ಯೂಟ್ ಮಾಡಿ ಆಂಪಿನ ಹಿಂದಿನ ಎಕ್ಸ್‌ಎಲ್‌ಆರ್ ಎಳೆಯಿರಿ. ಎಳೆದ ಕ್ಷಣ ಆಂಪ್ ಶಾಂತವಾದರೆ ಗ್ರೌಂಡ್ ಲೂಪ್. ಆಂಪಿಗೆ ಒಂದು ಪಾಯಿಂಟಿನಿಂದ ಅರ್ತ್, ಮಿಕ್ಸರಿಗೆ ಇನ್ನೊಂದರಿಂದ. ನಡುವೆ ಎಕ್ಸ್‌ಎಲ್‌ಆರ್‌ನ ಶೀಲ್ಡ್ ಸೇರಿದಾಗ ಒಂದು ಬಳೆ ಆಗುತ್ತದೆ, ಅದರೊಳಗೆ 50 ಹರ್ಟ್ಜ್ ಕರೆಂಟ್ ಸುತ್ತುತ್ತದೆ.

ಅದಕ್ಕೆ ಒಳ್ಳೆಯ ಮದ್ದು ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್, ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಪೆಟ್ಟಿಗೆ. ಗಾನಮೇಳದ ಕೀಬೋರ್ಡಿಗೆ ಬೇಕಾಗುತ್ತದೆ ಅಂತ ಸೌಂಡ್‌ನವರಲ್ಲಿ ಒಂದೆರಡು ಇರುತ್ತದೆ, ಕೇಳಿ. ಬೇಸಿನ ಕೇಬಲ್ ಡಿಐ ಇನ್‌ಪುಟ್ಟಿಗೆ, ಲಿಂಕ್ ಎಂದು ಬರೆದ ಜ್ಯಾಕಿನಿಂದ ಆಂಪಿಗೆ, ಎಕ್ಸ್‌ಎಲ್‌ಆರ್ ಮಿಕ್ಸರಿಗೆ, ಶೀಲ್ಡ್ ಬಿಡಿಸುವ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಆಂಪಿನ ಹಿಂದಿನ ಎಕ್ಸ್‌ಎಲ್‌ಆರ್ ಆಮೇಲೆ ಬೇಡ.

ಡಿಐ ಸಿಗದಿದ್ದರೆ ಒಂದಡಿಯ ಎಕ್ಸ್‌ಎಲ್‌ಆರ್ ತುಂಡು ಮಾಡಿಕೊಳ್ಳಿ. ಮಿಕ್ಸರ್ ಕಡೆ ಹೋಗುವ ಮೇಲ್ ಕನೆಕ್ಟರಿನಲ್ಲಿ 1ನೇ ಪಿನ್ನಿನ ಶೀಲ್ಡ್ ಬಿಡಿಸಿ ಟೇಪ್ ಸುತ್ತಿ, 2 ಮತ್ತು 3 ಹಾಗೇ ಇರಲಿ. ಹೊರಗಿನಿಂದ ಕೆಂಪು ಟೇಪ್ ಹಾಕದಿದ್ದರೆ ಮುಂದೊಂದು ದಿನ ಯಾರಾದರೂ ಅದನ್ನೇ ಕಂಡೆನ್ಸರ್ ಮೈಕಿಗೆ ಹಾಕಿ, ಫ್ಯಾಂಟಮ್ (ಮಿಕ್ಸರ್ ಮೈಕಿಗೆ ಕೊಡುವ ಕರೆಂಟ್) ಯಾಕೆ ಬರುವುದಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ.

ಇದಕ್ಕಿಂತ ಸುಲಭದ್ದು, ಆಂಪಿಗೂ ಮಿಕ್ಸರಿಗೂ ಕರೆಂಟ್ ಒಂದೇ ಪಾಯಿಂಟಿನಿಂದ ಕೊಡುವುದು. 40 ವಾಟಿನ ಆಂಪ್ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ, ಮೂರು ಕೋರ್ ವಯರಿನ ಎಕ್ಸ್‌ಟೆನ್ಶನ್ ಧಾರಾಳ ಸಾಕು.

ಮೂಲೆಬೇಡ:

ಹಮ್ ವಿಷಯ ಮೇಲೆ ಬಂತು. ಎ ಗುಡುಗುವುದಕ್ಕೆ ಕಾರಣ ನಿಮ್ಮ ಅಳತೆಯಲ್ಲೇ ಉಂಟು.

ಖಾಲಿ ಎ ತಂತಿ 55 ಹರ್ಟ್ಜ್. ಎದುರುಬದುರು ಗೋಡೆಗಳ ನಡುವೆ ಶಬ್ದ ನಿಂತ ಅಲೆಯಾಗುವ ಮೊದಲ ಸ್ವರ ಸಿಗಬೇಕಾದರೆ ಶಬ್ದದ ವೇಗವನ್ನು ದೂರದ ಎರಡರಷ್ಟರಿಂದ ಭಾಗಿಸಬೇಕು. 30 ಡಿಗ್ರಿ ಸೆಖೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ನೆಲದಿಂದ ಸ್ಲ್ಯಾಬಿಗೆ ಹತ್ತೂವರೆ ಅಡಿ, ಅಂದರೆ 3.2 ಮೀಟರ್: 349 ಭಾಗಿಸು 6.4, ಬರುವುದು 54.5. ಅಗಲ 21 ಅಡಿ ಸರಿಯಾಗಿ ಎತ್ತರದ ಎರಡರಷ್ಟು. ಹಾಗಾಗಿ ಅಗಲದ ಎರಡನೇ ಸ್ವರವೂ 54.5ರಲ್ಲೇ ಬಂದು ಕೂರುತ್ತದೆ. ಎರಡೂ ಸೇರಿ ಎ ಸ್ವರವನ್ನು ಎತ್ತುತ್ತವೆ. ಬೇಸ್ ಬದಲಿಸಿದರೂ ಪಿಕಪ್ ಬದಲಿಸಿದರೂ ಇದು ಹೋಗುವುದಿಲ್ಲ, ದೊಡ್ಡ ಆಂಪ್ ತಂದರೆ ಜಾಸ್ತಿಯೇ ಆದೀತು.

ಮಾಡಬಹುದಾದ್ದು ಸಬ್‌ಗಳ ಜಾಗ ಬದಲಿಸುವುದು. ಈ ಅಗಲದ ಅಲೆಗೆ ಎರಡು ಗೋಡೆಯ ಬುಡದಲ್ಲೂ ಹಾಲ್‌ನ ನಟ್ಟನಡುವೆಯೂ ಒತ್ತಡ ಹೆಚ್ಚು. ಅಗಲದ ಕಾಲು ಭಾಗದಲ್ಲಿ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಒತ್ತಡ ಹೆಚ್ಚಿರುವಲ್ಲಿ ಸಬ್ ಇಟ್ಟರೆ ಅಲೆಗೆ ಬಲ ಸಿಗುತ್ತದೆ. ಆದ್ದರಿಂದ ಪ್ರತಿ ಸಬ್ಬನ್ನು ಅದರ ಬದಿಯ ಗೋಡೆಯಿಂದ ಐದೂಕಾಲು ಅಡಿ ಒಳಗೆ ತನ್ನಿ. ನಡುವೆ ಒಟ್ಟು ಸೇರಿಸಿ ಇಡಬೇಡಿ, ಬೇರೆ ಹಾಲ್‌ಗಳಲ್ಲಿ ಒಳ್ಳೆಯ ಉಪಾಯವಾದರೂ ಇಲ್ಲಿ ಅದು ಮೂಲೆಯಷ್ಟೇ ಕೆಟ್ಟದು. ಎತ್ತರದ ಅಲೆಗೆ ಜಾಗ ಬದಲಿಸಿ ಪ್ರಯೋಜನವಿಲ್ಲ, ಸಬ್ಬನ್ನು ಐದಡಿ ಮೇಲೆ ಎತ್ತಲಿಕ್ಕೆ ಆಗುವುದಿಲ್ಲವಲ್ಲ. ಅದಕ್ಕೆ ಈಕ್ಯು, ಅಂದರೆ ಬೇಕಾದ ಸ್ವರಗಳನ್ನು ಮಾತ್ರ ಏರಿಸಿ ಇಳಿಸುವುದು. 31 ಪಟ್ಟಿಯ ಗ್ರಾಫಿಕ್ ಇದ್ದರೆ 50 ಮತ್ತು 63ರ ಪಟ್ಟಿಗಳನ್ನು 4 ಡಿಬಿಯಷ್ಟು ಇಳಿಸಿ. ಡಿಜಿಟಲ್ ಮಿಕ್ಸರ್ ಆದರೆ ಬೇಸ್ ಚಾನೆಲಿನಲ್ಲಿ 55ಕ್ಕೆ ಕಿರಿದಾದ ಒಂದು ಕಟ್, 6 ಡಿಬಿಯಿಂದ ಶುರು ಮಾಡಿ.

ಕಿಟಕಿ ಬಾಗಿಲು ಎಲ್ಲ ತೆರೆದಿಡಿ, ಸ್ವಲ್ಪ ಹೊರಗೆ ಹೋಗಲಿ. ಜನ ತುಂಬಿದ ಮೇಲೆ ಸರಿಯಾಗುತ್ತದೆ ಎಂಬ ಮಾತು ಸಿಂಬಲಿಗೆ ಸರಿ, 55 ಹರ್ಟ್ಜಿಗೆ ಅಲ್ಲ.

ದಪ್ಪತಂತಿ:

ಹೇಳಿದ ಹಾಗೆ ನೋಡಿದೆ. ವಾಲ್ಯೂಮ್ ಸೊನ್ನೆ ಮಾಡಿದರೂ ಹಮ್ ಇತ್ತು, ಎಕ್ಸ್‌ಎಲ್‌ಆರ್ ಎಳೆದಾಗ ನಿಂತಿತು. ಡಿಐ ಹಾಕಿ ಲಿಫ್ಟ್ ಒತ್ತಿದ ಮೇಲೆ ಪಿಎ (ಹಾಲ್‌ಗೆ ಕೇಳಿಸುವ ಸ್ಪೀಕರ್ ಸೆಟ್) ಕ್ಲೀನ್. ಸಬ್ ಒಳಗೆ ತಂದ ಮೇಲೆ ಎ ಎಷ್ಟೋ ಹದಕ್ಕೆ ಬಂತು, ಪೂರ್ತಿ ಅಲ್ಲ. ಆದರೆ ಅವರ ಹತ್ತಿರ ಗ್ರಾಫಿಕ್ ಇಲ್ಲ. ಅನಲಾಗ್ ಮಿಕ್ಸರ್, ಚಾನೆಲಿನಲ್ಲಿ ಲೋ, ಮಿಡ್, ಹೈ, ಮತ್ತೆ 80 ಹರ್ಟ್ಜಿಗಿಂತ ಕೆಳಗಿನದ್ದನ್ನು ಕುಗ್ಗಿಸುವ ಲೋಕಟ್ ಬಟನ್, ಅಷ್ಟೇ. ಮತ್ತೊಂದು: ಸ್ಟೇಜ್ ಲೈಟ್ ಹಾಕಿದರೆ ಈಗ ತೆಳ್ಳಗೆ ಜರ್ರ್ ಅಂತ ಬೇರೆ ಸದ್ದು, ತಿರುಗಿ ನಿಂತರೆ ಕಡಿಮೆಯಾಗುತ್ತದೆ.

ಮೂಲೆಬೇಡ:

ಬೇರೆ ಕಡೆ ಬೇಸ್ ಚಾನೆಲಿಗೆ ಲೋಕಟ್ ಒತ್ತಬೇಡಿ ಅನ್ನುತ್ತೇನೆ, ಈ ಹಾಲ್‌ನಲ್ಲಿ ಒತ್ತಿ. ಖಾಲಿ ಇ ತಂತಿಯ 41 ಹರ್ಟ್ಜ್ ಕುಗ್ಗಿದರೂ ಅದರ 82, 123ರ ಮೇಲ್‌ಸ್ವರಗಳಿಂದ ಕಿವಿ ಸ್ವರವನ್ನು ಹಿಡಿಯುತ್ತದೆ. ಎದೆಗೆ ತಾಗುವ ಭಾರ ಸ್ವಲ್ಪ ಹೋಗುತ್ತದೆ, ಅದರ ಬದಲಿಗೆ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ವ್ಯಾಪಾರ.

ನುಡಿಸುವಾಗ ಖಾಲಿ ಎ ಬಿಟ್ಟು ಇ ತಂತಿಯ 5ನೇ ಫ್ರೆಟ್ಟಿಗೆ ಹೋಗಿ ಏನೂ ಸಿಗುವುದಿಲ್ಲ, ಅದೂ 55ವೇ. ಆದರೆ ಒತ್ತಿದ ಸ್ವರವನ್ನು ಬೆರಳು ಸಡಿಲಿಸಿ ಕೂಡಲೇ ನಿಲ್ಲಿಸಬಹುದು, ಅದಷ್ಟು ಲಾಭ. ಉದ್ದ ಹಿಡಿಯಬೇಕಾದ ಎ ಇದ್ದರೆ ಡಿ ತಂತಿಯ 7ನೇ ಫ್ರೆಟ್, 110 ಹರ್ಟ್ಜ್. ವೇಗದ ಎಂಟನೇ ಸ್ವರಗಳಿಗೆ ಬ್ರಿಡ್ಜಿನ ಬಳಿ ಅಂಗೈ ಅಂಚು ಊರಿ ನುಡಿಸಿ.

ಕಿಕ್‌ಪೆಡಲ್:

ಬೇಸಿನದ್ದು ಮಾತ್ರ ಅಂದುಕೊಳ್ಳಬೇಡಿ. ಕಿಕ್ ಡ್ರಮ್ಮಿನ ಸದ್ದೂ 60ರ ಆಸುಪಾಸಿನಲ್ಲೇ ಇರುತ್ತದೆ. ಒಳಗೆ ಒಂದು ದಿಂಬು ಎರಡೂ ಚರ್ಮಕ್ಕೆ ತಾಗುವ ಹಾಗೆ ಇಡಿ. ಕಿಕ್ ಮೈಕ್ ಇಟ್ಟಿದ್ದರೆ ಅದರ ಲೋ ಕೂಡ ಇಳಿಸಿ.

ಹಳೇಸೋಲ್ಡರ್:

ತಿರುಗಿದರೆ ಬದಲಾಗುವ ಜರ್ರ್ ಪಿಕಪ್ ಹಿಡಿಯುವುದು, ಡಿಐಗೂ ಅದಕ್ಕೂ ಸಂಬಂಧ ಇಲ್ಲ. ಲೈಟಿನ ಡಿಮ್ಮರ್ ಕರೆಂಟಿನ ಅಲೆಯನ್ನು ನಡುವೆ ಕತ್ತರಿಸುತ್ತದೆ, ಅರ್ಧಕ್ಕೆ ಇಟ್ಟಾಗ ಅತ್ಯಂತ ಕೆಟ್ಟ ಸದ್ದು. ನಿಮ್ಮ ಸೈಡಿನ ಡಿಮ್ಮರನ್ನು ಪೂರ್ತಿ ಇಡಿ, ಇಲ್ಲ ಪೂರ್ತಿ ಆಫ್. ಬೇಸಿನಲ್ಲಿ ಎರಡೂ ಪಿಕಪ್ಪಿನ ವಾಲ್ಯೂಮ್ ಸಮ ಮಾಡಿ. ಇಂಥ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಎರಡನೆಯದನ್ನು ಉಲ್ಟಾ ಸುತ್ತಿರುತ್ತಾರೆ, ಎರಡೂ ಸಮ ಇದ್ದಾಗ ಒಂದರ ಹಮ್ ಇನ್ನೊಂದು ಅಳಿಸುತ್ತದೆ. ಒಂದನ್ನು ಚೂರು ಇಳಿಸಿದರೂ ಸದ್ದು ವಾಪಸ್.

ಸ್ಟೇಜಿನಲ್ಲಿ ಕೇಳದ್ದಕ್ಕೆ: 10 ಇಂಚಿನ ಕಾಂಬೊ ನೆಲದ ಮೇಲೆ ಇದ್ದರೆ ಅದು ಕೇಳುವುದು ಮೊಣಕಾಲಿಗೆ. ಗಟ್ಟಿ ಕುರ್ಚಿಯ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿ, ಡ್ರಮ್ಮರಿನ ಹೈಹ್ಯಾಟ್ ಬದಿಗೆ. ಆಂಪಿನ ಬೇಸ್ ನಾಬ್ ಇಳಿಸಿ, ಮಿಡ್ ಏರಿಸಿ; 700-800 ಹರ್ಟ್ಜಿನಲ್ಲಿ ಬೆರಳಿನ ಪೆಟ್ಟು ಕೇಳುತ್ತದೆ, ಗಿಟಾರಿನ ಎದುರು ಬೇಸ್ ಎದ್ದು ಬರುವುದು ಅದರಿಂದ. ಡಿಐ ಆಂಪಿನ ಮೊದಲೇ ಇರುವ ಕಾರಣ ಇಲ್ಲಿ ಏನು ತಿರುಗಿಸಿದರೂ ಪಿಎಗೆ ತಾಗುವುದಿಲ್ಲ.

ದಪ್ಪತಂತಿ:

ಲೈಟ್ ಸದ್ದು ಹೋಯ್ತು. ಒಂದು ನಾಬ್ ಮುಕ್ಕಾಲಿನಲ್ಲಿತ್ತು. ಕೊನೆಗೊಂದು: ಕರೆಂಟ್ ಹೋದರೆ ಜನರೇಟರ್ ಇದೆ ಅಂತಾರೆ. ಅದರಲ್ಲಿ ನುಡಿಸಬಹುದಾ?

ಹಳೇಸೋಲ್ಡರ್:

ಮೀಟರ್ ಹಿಡಿದು ನೋಡದೆ ಬೇಡ. ಜನರೇಟರ್ ಓಡುತ್ತಿರುವಾಗ ಸ್ಟೇಜಿನ ಪಾಯಿಂಟಿನಲ್ಲಿ ಫೇಸ್-ನ್ಯೂಟ್ರಲ್ 220ರಿಂದ 240, ಫೇಸ್-ಅರ್ತ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ತ್ ಎರಡು ಮೂರು ವೋಲ್ಟಿನ ಒಳಗೆ ಬರಬೇಕು. ನ್ಯೂಟ್ರಲ್-ಅರ್ತ್ ನೂರರ ಹತ್ತಿರ ತೋರಿಸಿದರೆ ಜನರೇಟರಿನ ನ್ಯೂಟ್ರಲ್ ಅರ್ತ್ ಆಗಿಲ್ಲ, ಅಥವಾ ಅರ್ತ್ ಎಲ್ಲೋ ಕಡಿದಿದೆ. ಸ್ವತಃ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಯಿರಿ. ನಮ್ಮಲ್ಲಿ ಮುರಕಲ್ಲಿನ ಜಾಗ, ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಗುಂಡಿ ಹೆಸರಿಗೆ ಮಾತ್ರ. ಹಿಂದಿನ ಸಂಜೆಯೇ ಅದಕ್ಕೆ ನಾಲ್ಕು ಕೊಡ ನೀರು ಹೊಯ್ಯಲಿಕ್ಕೆ ಹೇಳಿ. ಆಮೇಲೆ ಎಲ್ಲ ಆನ್ ಇಟ್ಟು ಮೀಟರಿನ ಒಂದು ಕಡ್ಡಿ ಬೇಸಿನ ತಂತಿಗೆ, ಇನ್ನೊಂದು ಹಾಡುವ ಮೈಕಿನ ಜಾಲರಿಗೆ. ಒಂದೆರಡು ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ಮೈಕಿನ ಬಳಿ ಹೋಗಬೇಡಿ.

ಕರೆಂಟ್ ಹೋದ ಕೂಡಲೇ ಆಂಪಿನ ಮಾಸ್ಟರ್ ಸೊನ್ನೆ, ಸ್ವಿಚ್ ಆಫ್. ಜನರೇಟರ್ ಹಿಡಿದು ಅರ್ಧ ನಿಮಿಷ ಲೈಟ್ ಒಂದೇ ಸಮ ಉರಿದ ಮೇಲೆ ಮೊದಲು ಮಿಕ್ಸರ್, ನಂತರ ಬೇಸ್ ಆಂಪ್, ಕೊನೆಗೆ ಪಿಎಯ ಪವರ್ ಆಂಪ್.