ಪದ ಬೇಕು: ‘ಸ್ಲಾಪ್‌ಸ್ಟಿಕ್‌’ಗೆ (ಬಿದ್ದು, ಬಡಿದಾಡಿ ನಗಿಸುವ ಹಾಸ್ಯ) ಕನ್ನಡದಲ್ಲಿ ಏನಂತೀರಿ? ಇವತ್ತೇ ಬೇಕು

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಹುಡುಗರು ಹದಡಿ ರಸ್ತೆಯ ಹಾಲ್ ಒಂದರಲ್ಲಿ ಅಮೆರಿಕದ ಹಾಸ್ಯನಟರ ತಂಡ ಥ್ರೀ ಸ್ಟೂಜಸ್ ಅವರ 1940ರ ಕಿರುಚಿತ್ರ ತೋರಿಸುತ್ತಿದ್ದಾರೆ. ಪೊಲೀಸರಿಂದ ತಪ್ಪಿಸಿಕೊಳ್ಳಲು ಮೂವರು ಪ್ಲಂಬರ್ ವೇಷದಲ್ಲಿ ದೊಡ್ಡ ಮನೆಯೊಂದಕ್ಕೆ ನುಗ್ಗುತ್ತಾರೆ. ಸೋರಿಕೆ ನಿಲ್ಲಿಸಲು ಹೋಗಿ ನೀರಿನ ಪೈಪನ್ನು ಕರೆಂಟ್ ವೈರಿನ ಪೈಪಿಗೆ ಜೋಡಿಸುತ್ತಾರೆ. ಬಲ್ಬಿನಲ್ಲಿ ನೀರು, ಒಲೆಯಲ್ಲಿ ನೀರು. ಟಿವಿಯಲ್ಲಿ ನಯಾಗರಾ ಬರುತ್ತಿದ್ದ ಹಾಗೇ ನೀರು ನೋಡುವವರ ಮೇಲೇ ಧುಮುಕುತ್ತದೆ!
ಫ್ಲೆಕ್ಸ್‌ನಲ್ಲಿ ಜಾಗ ಎರಡು ಮೂರು ಪದಕ್ಕಷ್ಟೇ. ಸಂಜೆ ಏಳಕ್ಕೆ ಪ್ರಿಂಟ್. ‘ರಿಪೇರಿಯವರ ಮೈಹಾಸ್ಯ’ ಅಂದರೆ ನಡೆಯುತ್ತಾ?

ಚಿತ್ರದುರ್ಗದ ಮೇಷ್ಟ್ರು:
‘ಮೈಹಾಸ್ಯ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ಬೇಡ. ‘ರಿಪೇರಿ’ ಅಂತೂ ಇಂಗ್ಲಿಷ್. ‘ದುರಸ್ತಿ’ ಅನ್ನೋ ನಮ್ಮ ಪದ ಇರುವಾಗ ಯಾಕೆ?

ಬೆಂಗಳೂರಿನಿಂದ:
ಮೇಷ್ಟ್ರೇ, ‘ದುರಸ್ತಿ’ ಪಾರ್ಸಿ. ಯಾವಾಗ ನಮ್ಮದಾಯ್ತು?
ಇನ್ನು ಮೂಲ ಪದಕ್ಕೆ ಬರೋಣ. ಇಟಲಿಯ ಹಳೇ ನಾಟಕ ಮಂಡಳಿಗಳಲ್ಲಿ ಎರಡು ತೆಳು ಹಲಗೆ ಜೋಡಿಸಿದ ಕೋಲು ಇರುತ್ತಿತ್ತು. ಮೆಲ್ಲಗೆ ತಾಗಿಸಿದರೂ ಫಟ್ ಅಂತ ಸದ್ದು, ಏಟು ತಿಂದವನಿಗೆ ನೋವಿಲ್ಲ. ಇಂಗ್ಲಿಷ್ ಹೆಸರು ಬಂದಿದ್ದು ಆ ಕೋಲಿನಿಂದ. ಹಾಗಾಗಿ ‘ಪೆಟ್ಟುಗೋಲು ನಗೆ’. ಪೆಟ್ಟು, ಕೋಲು, ನಗೆ ಮೂರೂ ಅಚ್ಚಗನ್ನಡ. ಸಮಾಸದಲ್ಲಿ ಕಕಾರ ಗಕಾರವಾಗಿದೆ, ಮೇಷ್ಟ್ರು ತಕರಾರು ತೆಗೆಯುವ ಹಾಗಿಲ್ಲ.

ಹರಿಹರದಿಂದ:
ಫ್ಲೆಕ್ಸ್ ನೋಡಿದವರು ಲಾಠಿ ಚಾರ್ಜ್ ಸಿನಿಮಾ ಅಂದುಕೊಳ್ಳುತ್ತಾರೆ.
ನಮ್ಮ ಕಡೆ ಇದಕ್ಕೆ ‘ಮಂಗ್ಯಾನಾಟ’ ಅಂತಾರೆ. ಏಣಿ ತಿರುಗಿಸಿ ಹಿಂದಿನವನ ತಲೆಗೆ ಬಡಿದರೆ ಅದು ಮಂಗ್ಯಾನಾಟ. ಕೋಲು ಯಾಕೆ ಬೇಕು?

ಚಿತ್ರದುರ್ಗದ ಮೇಷ್ಟ್ರು:
ಗ್ರಾಮ್ಯ. ನಾಟ್ಯಶಾಸ್ತ್ರದಲ್ಲಿ ಸ್ಮಿತದಿಂದ (ಮುಗುಳ್ನಗೆ) ಅತಿಹಸಿತದವರೆಗೆ (ಅಬ್ಬರದ ನಗೆ) ಆರು ಬಗೆ ಹೇಳಿದೆ. ‘ಅತಿಹಸಿತ’ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಬೆಂಗಳೂರಿನಿಂದ:
ಅವು ನಗುವ ಬಗೆಗಳು, ನಗಿಸುವ ಬಗೆಗಳಲ್ಲ. ಬಿದ್ದವನ ಕೆಲಸಕ್ಕೆ ನಕ್ಕವನ ಹೆಸರು ಇಡೋದಾ? ಅಷ್ಟೇ ಹಠ ಇದ್ದರೆ ‘ಆಂಗಿಕ’ ಅನ್ನಿ, ಮೈಯಿಂದ ಮಾಡುವ ಅಭಿನಯ. ಅದೂ ಸಂಸ್ಕೃತವೇ. ಸಂಸ್ಕೃತ ತಂದರೆ ಶುದ್ಧ, ಇಂಗ್ಲಿಷ್ ತಂದರೆ ಮೈಲಿಗೆ, ಇದ್ಯಾವ ಲೆಕ್ಕ?

ಶಿವಮೊಗ್ಗದಿಂದ:
ಅರಿಸಮಾಸದ ಬಗ್ಗೆ ಒಂದು ಮಾತು. ಬಿರುದುಗಳಿಗೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಫ್ಲೆಕ್ಸ್ ಅಂದರೆ ಈಗಿನ ಬಿರುದಾವಳಿ ತಾನೇ? ‘ನಗೆನಾಟಕ’ವೂ ಅರಿಸಮಾಸವೇ, ಮೇಷ್ಟ್ರು ಅದಕ್ಕೆ ಟಿಕೆಟ್ ತಗೊಂಡು ಹೋಗಲ್ವಾ?
ನನ್ನ ಓಟು ‘ಎಡವಟ್ಟು’ಗೆ. ‘ಎಡವು’ ಇಂದ ಬಂದಿದೆ, ಕಾಲು ಎಡವಿ ಬೀಳುವ ಹಾಸ್ಯಕ್ಕೆ ಇದಕ್ಕಿಂತ ಪದ ಬೇಕಾ?

ಬೆಂಗಳೂರಿನಿಂದ:
ಆಧಾರ? ಎಡ + ಪಟ್ಟು ಅಂತ ಬಿಡಿಸಿದರೂ ‘ಎಡವಟ್ಟು’ ಆಗುತ್ತದೆ. ಎಳ + ಪೆರೆ (ಚಂದ್ರ) ‘ಎಳವೆರೆ’ ಆಗಿಲ್ವಾ? ಕಿವಿಗೆ ಹಿತ ಅನಿಸಿದ್ದೆಲ್ಲ ನಿಷ್ಪತ್ತಿ (ಪದದ ಹುಟ್ಟು) ಅಲ್ಲ.

ದಾವಣಗೆರೆಯಿಂದ:
ಏಳಾಯ್ತು. ಪ್ರಿಂಟಿನವನು ಎರಡು ಸಲ ಫೋನ್ ಮಾಡಿದ. ‘ಪೈಪ್ ಮೇಸ್ತ್ರಿಗಳ ಮಂಗ್ಯಾನಾಟ’ ಅಂತ ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್. ಹರಿಹರದವರಿಗೆ ಮುಂದಿನ ಸಾಲಿನ ಸೀಟು.

ಚಿತ್ರದುರ್ಗದ ಮೇಷ್ಟ್ರು:
‘ಪೈಪ್’ ಇಂಗ್ಲಿಷ್, ‘ಮೇಸ್ತ್ರಿ’ ಪೋರ್ಚುಗೀಸ್. ಅದೂ ಅಲ್ಲದೆ ಆ ಮೂವರು ಮೇಸ್ತ್ರಿಗಳೇ ಅಲ್ಲ, ನೀವೇ ಬರೆದಿದ್ದೀರಿ.

ಹರಿಹರದಿಂದ:
‘ಚಾವಿ’ಯೂ ಪೋರ್ಚುಗೀಸೇ ಮೇಷ್ಟ್ರೇ. ಮನೆಗೆ ಬೀಗ ಹಾಕೋದು ಬಿಟ್ಟಿದ್ದೀರಾ?