ಎಲ್ಲವೂ ಮುರಿದು ಬಿದ್ದಿರುವಾಗ, ಮೊದಲು ಮುರಿದದ್ದು ಯಾವುದೆಂದು ತಿಳಿಯುವುದು ಹೇಗೆ?

ಪ್ರಶ್ನೆ:
ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಮನೆಯೊಂದರ ಸಜ್ಜಾ ಕುಸಿಯಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಮೇಸ್ತ್ರಿ ಸಿಮೆಂಟನ್ನು ದೂರಿದರು, ಮನೆಯವರು ಮೇಸ್ತ್ರಿಯನ್ನು ದೂರಿದರು. ಅಷ್ಟರಲ್ಲಿ ಅವಶೇಷವೆಲ್ಲ ಟ್ರ್ಯಾಕ್ಟರ್ ಏರಿ ಹೋಗಿತ್ತು. ಸೇತುವೆಯಂಥ ದೊಡ್ಡ ರಚನೆ ಬಿದ್ದಾಗ ಮುರಿಯದ ಭಾಗವೇ ಇರುವುದಿಲ್ಲ. ಅವುಗಳಲ್ಲಿ ಕುಸಿತಕ್ಕೆ ಕಾರಣವಾದದ್ದು ಯಾವುದು, ಕುಸಿತದಿಂದ ಮುರಿದದ್ದು ಯಾವುದು ಎಂದು ತನಿಖೆಯ ಎಂಜಿನಿಯರುಗಳು ಹೇಗೆ ಗುರುತಿಸುತ್ತಾರೆ?

ಉತ್ತರ 1:
ಮುರಿದ ಮುಖವನ್ನು ಓದಿ ಗುರುತಿಸುತ್ತಾರೆ. ಅಮೆರಿಕದ ಒಹಾಯೊ ನದಿಯ ಮೇಲೆ 1928ರಲ್ಲಿ ಕಟ್ಟಿದ್ದ ಸಿಲ್ವರ್ ಸೇತುವೆ 1967ರ ಡಿಸೆಂಬರ್ 15ರ ಸಂಜೆ, ವಾಹನಗಳು ಕಿಕ್ಕಿರಿದಿದ್ದ ಹೊತ್ತಿನಲ್ಲಿ ಕುಸಿದು 46 ಮಂದಿ ತೀರಿಕೊಂಡರು. ನದಿಯಿಂದ ಎತ್ತಿದ ಉಕ್ಕನ್ನು ಬಯಲೊಂದರಲ್ಲಿ, ಸಾಧ್ಯವಾದಷ್ಟೂ ಸೇತುವೆಯಲ್ಲಿದ್ದ ಕ್ರಮದಲ್ಲೇ ಜೋಡಿಸಿಡಲಾಯಿತು. ಆ ಸೇತುವೆ ತೂಗುತ್ತಿದ್ದದ್ದು ತಂತಿಹಗ್ಗದಿಂದಲ್ಲ, ತುದಿಗಳಲ್ಲಿ ರಂಧ್ರವಿರುವ ಉಕ್ಕಿನ ಪಟ್ಟಿಗಳನ್ನು ಪಿನ್ನಿನಿಂದ ಪೋಣಿಸಿದ ಸರಪಳಿಯಿಂದ. 330ನೆಯ ಸಂಖ್ಯೆಯ ಪಟ್ಟಿಯಲ್ಲಿ ರಂಧ್ರದ ಒಂದು ಬದಿ ಹಿಗ್ಗದೆ, ಬಾಗದೆ, ಗಾಜು ಒಡೆದಂತೆ ಸೀಳಿತ್ತು. ಇನ್ನೊಂದು ಬದಿ ಮಾತ್ರ ಜಗ್ಗಿಸಿಕೊಂಡು, ಬಾಗಿ ಹರಿದಿತ್ತು. ಅಂದರೆ ಮೊದಲು ಹೋದದ್ದು ಸೀಳಿದ ಬದಿ, ಇನ್ನೊಂದು ಹರಿದದ್ದು ಆಮೇಲೆ. ಸೀಳಿದ ಬದಿಯ ಅಂಚಿನಲ್ಲಿ ಸುಮಾರು 2.5 ಮಿಲಿಮೀಟರ್ ಆಳದ ಬಿರುಕೊಂದಿತ್ತು, ಅದಕ್ಕೆ ತುಕ್ಕು ಹಿಡಿದಿತ್ತು. ಅದು ಕುಸಿತಕ್ಕಿಂತ ಬಹಳ ಹಿಂದಿನದೆಂದು ಹೇಳಲು ಆ ತುಕ್ಕೇ ಸಾಕ್ಷಿಯಾಯಿತು. ಪ್ರತಿ ಕೊಂಡಿಗೆ ಎರಡೇ ಪಟ್ಟಿಗಳಿದ್ದುದರಿಂದ, ಒಂದು ಹೋದೊಡನೆ ಪಿನ್ನು ಕಳಚಿ ಇಡೀ ಸರಪಳಿಯೇ ಬಿತ್ತು.

ಪ್ರಶ್ನೆ ಕೇಳಿದವರು:
ಆ ಬಿರುಕು ಮೊದಲೇ ಯಾರ ಕಣ್ಣಿಗೂ ಬೀಳಲಿಲ್ಲವೇ?

ಉತ್ತರ 1:
ಅದಿದ್ದದ್ದು ರಂಧ್ರದ ಒಳಮೈಯಲ್ಲಿ. ಕೊಂಡಿಯನ್ನೇ ಬಿಚ್ಚದೆ ನೋಡಲು ಸಾಧ್ಯವಿರಲಿಲ್ಲ. ಈ ದುರಂತದ ಬಳಿಕವೇ ಅಮೆರಿಕದಲ್ಲಿ ಸೇತುವೆಗಳ ನಿಯತ ತಪಾಸಣೆಗೆ ರಾಷ್ಟ್ರಮಟ್ಟದ ನಿಯಮಗಳು ಬಂದವು.

ಉತ್ತರ 2:
ನಿಮ್ಮ ಬೀದಿಯ ಸಜ್ಜಾದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಂಥದ್ದನ್ನು ನಾನು ಕೆಲಸದ ಜಾಗದಲ್ಲಿ ಕಂಡಿದ್ದೇನೆ. ಗೋಡೆಯಿಂದ ಹೊರಚಾಚಿದ ಸಜ್ಜಾದಲ್ಲಿ ಎಳೆತ ಬೀಳುವುದು ಮೇಲ್ಭಾಗಕ್ಕೆ. ಆದ್ದರಿಂದ ಮುಖ್ಯ ಸರಳುಗಳು ಮೇಲೆಯೇ ಇರಬೇಕು. ಕಾಂಕ್ರೀಟ್ ಹಾಕುವಾಗ ಅವುಗಳ ಮೇಲೆ ಕಾಲಿಟ್ಟು ಓಡಾಡಿದರೆ ಸರಳು ಕೆಳಕ್ಕೆ ತಗ್ಗುತ್ತದೆ, ಸೆಂಟರಿಂಗ್ ಬಿಚ್ಚಿದ ಮೇಲೆ ಹೊರಗಿನಿಂದ ಅದು ಗೊತ್ತಾಗುವುದಿಲ್ಲ. ಸಿಮೆಂಟ್ ಚೆನ್ನಾಗಿದ್ದರೂ ಅಂಥ ಸಜ್ಜಾ ಗೋಡೆಯ ಅಂಚಿನಲ್ಲೇ ಮುರಿಯುತ್ತದೆ. ಅವಶೇಷ ಹೋಗಿದ್ದರೂ ಗೋಡೆಯಲ್ಲಿ ಸರಳಿನ ತುಂಡುಗಳು ಉಳಿದಿರಬಹುದು. ಗಾರೆ ಬಳಿಯುವ ಮೊದಲು, ಸಜ್ಜಾದ ಮೇಲ್ಮೈ ಇದ್ದ ಮಟ್ಟದಿಂದ ಅವು ಎಷ್ಟು ಕೆಳಗಿವೆ ಎಂದು ಟೇಪು ಹಿಡಿದು ಅಳೆದು, ಅಳತೆ ಕಾಣುವಂತೆ ಫೋಟೊ ತೆಗೆದಿಡಲು ಮನೆಯವರಿಗೆ ದಯವಿಟ್ಟು ತಿಳಿಸಿ.